ಬೈಸಿಕೊಳ್ಳದ ಶಿಷ್ಯೆ

ನಮ್ಮ ಸಂಗೀತದ ಟೀಚರಮ್ಮನ ಬಾಯಿ ಎಂಥದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ವಯಸ್ಸು ಮೂವತ್ತೊಂದು, ಆಳು ಹಿಡಿಯಷ್ಟು, ಸುಮ್ಮನೆ ಮಾತಾಡಿಸಿದರೆ ಬೆಣ್ಣೆ. ಆದರೆ ಪಾಠಕ್ಕೆ ಕೂತಾಗ ಯಾರಾದರೂ ತಪ್ಪು ಹಾಡಿದರೋ, ಮುಗಿಯಿತು. ಕೆಳಗಿನ ಕನ್ನಡಕದ ಅಂಗಡಿಗೂ ಕೇಳುವ ಹಾಗೆ ಮಂಗಳಾರತಿ ಎತ್ತುತ್ತಾರೆ. "ಕಿವಿ ಮನೇಲಿ ಬಿಟ್ಟು ಬಂದ್ರೇನ್ರೀ? ಇದು ತಾಳಾನಾ, ಇಲ್ಲಾ ಸೊಳ್ಳೆ ಹೊಡೀತಿದ್ದೀರಾ?" ಎಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಗಡ್ಡದವನೊಬ್ಬನಿಗೆ ಒಂದು ದಿನ ಬೈದದ್ದಕ್ಕೆ ಅವನು ಮೂಗು ಒರೆಸಿಕೊಳ್ಳುತ್ತ ಮೆಟ್ಟಿಲಿಳಿದಿದ್ದ. ಮರುವಾರ ಮತ್ತೆ ಬಂದ, ಅದು ಬೇರೆ ಮಾತು.

ನನಗೆ ಮಾತ್ರ ನಾಲ್ಕು ವರ್ಷದಲ್ಲಿ ಒಂದು ಸಲವೂ ಬೈದಿರಲಿಲ್ಲ. ನಾನೇನು ಸರಿಯಾಗಿ ಹಾಡುತ್ತಿದ್ದೆ ಎಂದಲ್ಲ. ಹಾಡಿದ್ದು ನನಗೂ ಕೇಳಿಸುತ್ತಿತ್ತಲ್ಲ! ಬ್ಯಾಂಕಿನವನು ಬೈಸಿಕೊಂಡ ತಪ್ಪನ್ನೇ, ಅದೇ ಸಾಲಿನಲ್ಲಿ, ಅವನಿಗಿಂತ ಘನವಾಗಿ ನಾನು ಮಾಡಿದರೂ ಟೀಚರಮ್ಮ ಮುಗುಳ್ನಕ್ಕು, "ಪರವಾಗಿಲ್ಲ ಅಮ್ಮ, ಚೆನ್ನಾಗಿದೆ. ಮುಂದಕ್ಕೆ ಹೋಗೋಣ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಯಾಕೆಂದರೆ ನಾನು ಇಪ್ಪತ್ತೆಂಟು ವರ್ಷದಿಂದ ಲಾಂಡ್ರಿ ನಡೆಸುತ್ತಿರುವವಳು. ಬೈಗುಳದ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಇಸ್ತ್ರಿಯಣ್ಣ ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಬಾಯಲ್ಲಿ ತಿಂದದ್ದು ಅಷ್ಟಿಷ್ಟಲ್ಲ. ತೋಳಿಗೆ ಎರಡು ಗೆರೆ ಬಿದ್ದರೆ ಬೈಗುಳ, ಕಾಲರಿನ ಒಳಮಗ್ಗುಲು ಬಿಟ್ಟರೆ ಬೈಗುಳ. ಇವತ್ತು ಅವನ ಕೈಯಿಂದ ಬಂದ ಅಂಗಿ ನೋಡಿದರೆ ಹಾಕಿಕೊಂಡು ಮುದುರಿಸಲು ಮನಸ್ಸು ಬಾರದು. ಅವನಿಗಿಂತ ಮುಂಚೆ ಇನ್ನೊಬ್ಬನಿದ್ದ. ಅವನು ಯಾರದೋ ರೇಷ್ಮೆ ಅಂಗಿಯ ಬೆನ್ನು ಸುಟ್ಟಾಗಲೂ ನಾನು ತುಟಿಪಿಟಕ್ಕೆನ್ನಲಿಲ್ಲ. "ಆಯ್ತಪ್ಪ, ಇರಲಿ ಬಿಡು" ಅಂದೆ. ಇವನಿಂದ ಏನೂ ಆಗುವುದಿಲ್ಲ ಎಂದು ಅಷ್ಟು ಹೊತ್ತಿಗೆ ನಾನು ಅವನ ಆಸೆಯನ್ನೇ ಬಿಟ್ಟಿದ್ದೆ. ಈಗ ಟೀಚರಮ್ಮ "ಪರವಾಗಿಲ್ಲ" ಅಂದಾಗಲೆಲ್ಲ ಆ ಸುಟ್ಟ ಅಂಗಿ ಕಣ್ಣ ಮುಂದೆ ಬರುತ್ತಿತ್ತು.

ನಾನು ಸಂಗೀತಕ್ಕೆ ಸೇರಿದ್ದೇ ಒಂದು ತಮಾಷೆ. ಪಾಠದ ಕೋಣೆಯ ಪರದೆಗಳನ್ನು ಒಗೆದು ತಂದುಕೊಡಲು ಹದಿನೆಂಟು ಮೆಟ್ಟಿಲು ಹತ್ತಿದ್ದೆ. ಒಳಗೆ ಯಾರೋ ಒಂದೇ ಸಾಲನ್ನು ಹತ್ತು ಸಲ ಹಾಡುತ್ತಿದ್ದರು. ಪರದೆಯ ಮೂಟೆಯನ್ನು ಸೊಂಟದ ಮೇಲಿಟ್ಟುಕೊಂಡು ಹಾಗೇ ನಿಂತೆ. ಹನ್ನೊಂದನೆಯ ಸಲ ಆ ಸಾಲು ಸರಿಹೋಯಿತು. ಏನು ಸರಿಹೋಯಿತೋ ನನಗೆ ತಿಳಿಯದು, ಆದರೆ ಸರಿಹೋದದ್ದು ತಿಳಿಯಿತು. ಆಗ ನನಗೆ ಐವತ್ತು. ಪರದೆ ಕೊಟ್ಟು, "ನನ್ನಂಥೋರಿಗೂ ಹೇಳ್ಕೊಡ್ತೀರಾ?" ಎಂದು ಕೇಳಿಯೇಬಿಟ್ಟೆ.

ಮನೆಗೆ ಬಂದು ಹೇಳಿದರೆ ನಮ್ಮವರು ಕನ್ನಡಕ ಹಣೆಗೇರಿಸಿ ನೋಡಿದರು. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಹತ್ತು ವರ್ಷ ಮುಂಚೇನೇ ಬಂತಲ್ಲೇ."

"ನಿಮಗೆ ಬಂದು ಎಷ್ಟೋ ವರ್ಷ ಆಯ್ತು, ನಾನೇನಾದ್ರೂ ಅಂದ್ನಾ?"

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತೇನೇ?"

"ನಾನು ಬಗ್ಗಕ್ಕೆ ಹೋಗ್ತಿಲ್ಲ, ಹಾಡಕ್ಕೆ ಹೋಗ್ತಿದ್ದೀನಿ" ಅಂದೆ. ಅವರು ನಕ್ಕು ಬಟ್ಟೆಗಳಿಗೆ ನಂಬರಿನ ಚೀಟಿ ಹಚ್ಚುವ ಕೆಲಸಕ್ಕೆ ತಿರುಗಿದರು. ಆದರೆ ಮಂಗಳವಾರ, ಶುಕ್ರವಾರ ಸಂಜೆ ಐದೂವರೆ ಆಗುತ್ತಲೇ ತಾವಾಗಿಯೇ ಬಂದು ಅಂಗಡಿಯಲ್ಲಿ ನನ್ನ ಮೇಜಿಗೆ ಕೂರುತ್ತಿದ್ದರು. ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಅವರನ್ನು ಬೈಯುವಾಗ ಇದನ್ನೂ ಹೇಳಬೇಕು.

ಟೀಚರಮ್ಮನ ಶಿಷ್ಯರದ್ದು ವರ್ಷಕ್ಕೊಂದು ಕಾರ್ಯಕ್ರಮ. ವಾಚನಾಲಯದ ಮಹಡಿಯ ಸಭಾಂಗಣ, ಇನ್ನೂರು ಕುರ್ಚಿ, ಪಿಟೀಲು, ಮೃದಂಗ ಎಲ್ಲವೂ ಇರುತ್ತದೆ. ಮೂರು ವರ್ಷ ಗುಂಪಿನಲ್ಲಿ ಹಾಡಿದ್ದೆ. ಗುಂಪು ಎಂದರೆ ಬಕೆಟ್ಟಿನಲ್ಲಿ ನೆನೆಸಿದ ಬಟ್ಟೆಯ ಹಾಗೆ, ಯಾರ ಬಣ್ಣ ಯಾರಿಗೆ ಹತ್ತಿತೋ ಗೊತ್ತಾಗುವುದಿಲ್ಲ. ಈ ವರ್ಷ ಒಬ್ಬಳೇ ಒಂದು ವರ್ಣ ಹಾಡುತ್ತೇನೆ ಎಂದು ಕೇಳಿದೆ. ವರ್ಣ ಎಂದರೆ ಗಟ್ಟಿ ಕಾಳು, ಹಲ್ಲಿದ್ದವರು ಮಾತ್ರ ಅಗಿಯುವಂಥದ್ದು. ಮೋಹನ ರಾಗದ್ದು, ಏಳು ನಿಮಿಷ. ಒಬ್ಬಳೇ ಕೂತರೆ ತಪ್ಪೆಲ್ಲ ನನ್ನದೇ ಆಗುತ್ತದೆ, ಆಗಲಾದರೂ ಇವರು ಬಾಯಿ ಬಿಡಲೇಬೇಕು ಎಂಬುದು ನನ್ನ ಲೆಕ್ಕಾಚಾರ. ಬ್ಯಾಂಕಿನವನು ಕೇಳಿದಾಗ ಟೀಚರಮ್ಮ ಮೂರು ವಾರ ಅವನನ್ನು ಅರೆದು ನೋಡಿ, "ಮುಂದಿನ ವರ್ಷ ನೋಡೋಣ" ಎಂದಿದ್ದರು. ನಾನು ಕೇಳಿದ್ದಕ್ಕೆ, "ಅದಕ್ಕೇನಮ್ಮ, ಧಾರಾಳವಾಗಿ ಹಾಡಿ" ಎಂದರು. ಅಷ್ಟೇ. ಮೆಟ್ಟಿಲಿಳಿಯುವಾಗ ಕಣ್ಣಲ್ಲಿ ನೀರೇ ಬಂತು.

ಕಾರ್ಯಕ್ರಮಕ್ಕೆ ಎರಡು ವಾರ ಇರುವಾಗ ಪಕ್ಕವಾದ್ಯದವರ ಜೊತೆ ಕೂತು ಹಾಡಿ ನೋಡುವುದು ಪದ್ಧತಿ. ನಾನು ಕೂತೆ. ಹಿಂದೆ ಟೀಚರಮ್ಮ, ಅವರ ಮುಂದೆ ಶ್ರುತಿಪೆಟ್ಟಿಗೆ. ಎರಡು ಅಂಗೈಯಷ್ಟು ದೊಡ್ಡ ಡಬ್ಬಿ ಅದು. ತಂಬೂರಿಯ ಹಾಗೆ ಒಂದೇ ನಾದವನ್ನು ಬಿಡದೆ ನುಡಿಸುತ್ತಿರುತ್ತದೆ. ಹಾಡುವವರಿಗೆ ಅದೇ ನೆಲ. ಎಷ್ಟು ಮೇಲೆ ಹಾರಿದರೂ ಅಲ್ಲಿಗೇ ಬಂದು ಕಾಲೂರಬೇಕು. ಅದರ ಪಕ್ಕದಲ್ಲೊಂದು ಸಣ್ಣ ತಿರುಪು, ಅದನ್ನು ತಿರುಗಿಸಿದರೆ ನಾದ ಕೂದಲೆಳೆಯಷ್ಟು ಏರುತ್ತದೆ, ಇಳಿಯುತ್ತದೆ. ನನಗೆ ಇಡುವ ಅಂಕಿ ಐದೂವರೆ.

ಹಾಡುತ್ತ ಹಾಡುತ್ತ ಅರ್ಧ ದಾಟಿತ್ತು. ಎದುರಿಗೆ ಕಿಟಕಿ, ಹೊರಗೆ ಮೋಡ ಕವಿದದ್ದರಿಂದ ಗಾಜು ಕನ್ನಡಿಯ ಹಾಗಾಗಿತ್ತು. ಅದರಲ್ಲಿ ಟೀಚರಮ್ಮನ ಕೈ ಕಂಡಿತು. ಎರಡು ಬೆರಳಿನಲ್ಲಿ ಆ ತಿರುಪನ್ನು ಮೆಲ್ಲಗೆ, ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ತಿರುಗಿಸುತ್ತಿದ್ದರು. ಪಿಟೀಲಿನ ಯಜಮಾನರು ಕಮಾನು ನಿಲ್ಲಿಸಿ, ಹಲ್ಲು ಕಚ್ಚಿ, ತಂತಿಗಳನ್ನು ಇಳಿಸಿಕೊಂಡರು. ಮೃದಂಗದವರು ಮೇಲೆ ನೋಡಿ ನಿಟ್ಟುಸಿರಿಟ್ಟರು. ನನಗೆ ಆಗ ಅರ್ಥವಾಯಿತು. ನಾನು ನೆಲ ಬಿಟ್ಟು ಕೆಳಗೆ ಜಾರಿದ್ದೆ, ಇವರು ನೆಲವನ್ನೇ ನನ್ನ ಕಾಲಿನ ಕೆಳಗೆ ಎಳೆದು ತರುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನಾನು ಏನೂ ಅನ್ನದೆಯೇ ನೆಲ ಡೊಂಕು ಮಾಡಿಕೊಡುತ್ತಿದ್ದಾರೆ. ಇದು ಎಷ್ಟು ವರ್ಷದಿಂದ ನಡೆದಿತ್ತೋ!

"ಚೆನ್ನಾಗಿತ್ತಮ್ಮ" ಎಂದರು ಟೀಚರಮ್ಮ, ಮುಗಿದ ಮೇಲೆ.

ಪಿಟೀಲಿನವರು ಎಪ್ಪತ್ತು ದಾಟಿದವರು, ಯಾರ ಮುಲಾಜಿಗೂ ಬೀಳುವವರಲ್ಲ. ಕೆಳಗೆ ಬಾಗಿಲ ಹತ್ತಿರ ಅವರನ್ನು ಹಿಡಿದುಕೊಂಡೆ. "ಸಾರ್, ನಿಜ ಹೇಳಿ. ನಾನು ಶ್ರುತಿ ಬಿಡ್ತೀನಾ?"

"ಬಿಡೋದೇನು ಬಂತು ತಾಯಿ, ಅಲ್ಲೇ ಬಿಟ್ಟು ಊರಿಗೇ ಹೋಗ್ಬಿಡ್ತೀರಿ!" ಎಂದರು. "ಆದ್ರೆ ಒಂದು ವಿಚಿತ್ರ ಇದೆ. ಬೇರೆಯವ್ರು ಒಂದೊಂದು ದಿನ ಒಂದೊಂದು ಕಡೆ ಬೀಳ್ತಾರೆ. ನೀವು ಮೂರು ವರ್ಷದಿಂದ ಅಳತೆ ಹಿಡಿದ ಹಾಗೆ ಒಂದೇ ಜಾಗಕ್ಕೆ ಬೀಳ್ತೀರಿ. ಐದೂ ಅಲ್ಲ, ಐದೂವರೆಯೂ ಅಲ್ಲ, ನಡುವೆ. ಮನೇಲಿ ಯಾವ ಪೆಟ್ಟಿಗೆ ಇಟ್ಕೊಂಡು ಹಾಡ್ತೀರಿ?"

"ಮನೇಲಿ ಎಲ್ಲಿ ಸಾರ್, ಅಂಗಡೀಲೇ ಹಾಡೋದು" ಎಂದವಳು ಅಲ್ಲಿಗೇ ಬಾಯಿ ಮುಚ್ಚಿದೆ.

ಅಂಗಡಿಯಲ್ಲಿ ನಾನು ಪೆಟ್ಟಿಗೆ ಇಡುತ್ತಲೇ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಬಟ್ಟೆ ಒಣಗಿಸುವ ದೊಡ್ಡ ಮಷೀನಿದೆ. ಅದು ತಿರುಗುವಾಗ ಗುಂಯ್ ಎಂದು ಒಂದೇ ಸಮನೆ ನಾದ. ಕಲಿಯಲು ಶುರುಮಾಡಿದ ಮೊದಲ ತಿಂಗಳೇ ನನಗೆ ಅದು ಥೇಟ್ ತಂಬೂರಿಯ ಹಾಗೆ ಕೇಳಿಸಿತ್ತು. ಬಿಟ್ಟಿ ತಂಬೂರಿ ಸಿಕ್ಕಿತಲ್ಲ ಎಂದು, ಮಷೀನಿಗೆ ಬಟ್ಟೆ ತುಂಬಿ, ಪಕ್ಕದಲ್ಲಿ ಟವೆಲ್ ಮಡಿಸುತ್ತ ದಿನಕ್ಕೆರಡು ಗಂಟೆ ಹಾಡುತ್ತಿದ್ದೆ. ಎಂಥ ಜಾಣೆ ನಾನು ಎಂದು ಹೆಮ್ಮೆ ಬೇರೆ! ಅವತ್ತು ನೇರ ಅಂಗಡಿಗೆ ಹೋಗಿ, ಮಷೀನು ಓಡಿಸಿ, ಕೊಂಡಾಗಿನಿಂದ ಕಪಾಟಿನಲ್ಲೇ ಬಿದ್ದಿದ್ದ ನನ್ನ ಶ್ರುತಿಪೆಟ್ಟಿಗೆಯನ್ನು ತೆಗೆದು ಐದೂವರೆಗೆ ಇಟ್ಟೆ. ಎರಡು ನಾದ ಒಂದಕ್ಕೊಂದು ಉಜ್ಜಿ ಕಿವಿಯಲ್ಲಿ ಅಲೆ ಅಲೆಯಾಗಿ ನಡುಗಿದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ತಿರುಪನ್ನು ಇಳಿಸುತ್ತ ಬಂದೆ. ಪಿಟೀಲಿನವರು ಹೇಳಿದ ಜಾಗಕ್ಕೆ ಬಂದಾಗ ನಡುಕ ನಿಂತು ಎರಡೂ ಒಂದಾದವು. ನಾಲ್ಕು ವರ್ಷ ನಾನು ಸಂಗೀತಕ್ಕೆ ಶ್ರುತಿ ಸೇರಿಸಿರಲಿಲ್ಲ, ಒದ್ದೆ ಚಾದರಗಳಿಗೆ ಸೇರಿಸಿದ್ದೆ.

ಇಸ್ತ್ರಿಯಣ್ಣ ಬಂದು ನೋಡಿದ. ನಾನು ನೆಲದ ಮೇಲೆ ಕೂತು ಮಷೀನನ್ನು ಕೆಕ್ಕರಿಸಿ ನೋಡುತ್ತಿದ್ದೆ. "ಏನಾಯ್ತಕ್ಕಾ, ಕೆಟ್ಟೋಯ್ತಾ?"

"ಮಷೀನ್ ಸರಿಯಾಗೇ ಇದೆ ಕಣಪ್ಪ, ನಾನೇ ಕೆಟ್ಟೋಗಿರೋದು."

ಮರುದಿನ ಪಾಠದ ದಿನವಲ್ಲ. ಆದರೂ ಹದಿನೆಂಟು ಮೆಟ್ಟಿಲು ಹತ್ತಿದೆ. ಟೀಚರಮ್ಮ ಒಬ್ಬರೇ ಕೂತು ಕಾರ್ಯಕ್ರಮದ ಪಟ್ಟಿ ಬರೆಯುತ್ತಿದ್ದರು. ಮಷೀನಿನ ಕಥೆ ಹೇಳಿದೆ. ಅವರು ನಗಲೂ ಇಲ್ಲ, ಬೆಚ್ಚಲೂ ಇಲ್ಲ.

"ನಾನು ಜಾರೋದು ನಿಮಗೆ ಮೊದ್ಲಿಂದ ಗೊತ್ತಿತ್ತು, ಅಲ್ವಾ?" ಎಂದೆ.

"ಗೊತ್ತಿತ್ತಮ್ಮ."

"ಮತ್ತೆ ಯಾಕೆ ಹೇಳ್ಲಿಲ್ಲ? ಬ್ಯಾಂಕಿನವ್ನಿಗಾದ್ರೆ ಚರ್ಮ ಸುಲೀತೀರಿ."

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ನೀವು ನಮ್ಮಮ್ಮನ ವಯಸ್ಸಿನವ್ರು. ದಿನವಿಡೀ ದುಡಿದು, ಎರಡು ಗಳಿಗೆ ಸಂತೋಷಕ್ಕೆ ಅಂತ ಬರ್ತೀರಿ. ನಿಮ್ಮ ಮನಸ್ಸು ಯಾಕೆ ನೋಯಿಸ್ಲಿ ಅಂತ..."

"ಟೀಚರಮ್ಮ, ಜಿಡ್ಡು ಹೋಗದ ಕಾಲರನ್ನ ಪರವಾಗಿಲ್ಲ ಅಂತ ಮಡಿಸಿ ಕೊಟ್ರೆ ನನ್ನ ಗಿರಾಕಿಗೆ ಸಂತೋಷ ಆಗುತ್ತಾ? ನಾನು ಸಂತೋಷಕ್ಕೇ ಬರ್ತೀನಿ, ನಿಜ. ಆದ್ರೆ ನಂಗೆ ಸಂತೋಷ ಆಗೋದು ಸರಿಯಾಗಿ ಹಾಡಿದ್ರೆ. ಇನ್ನು ಮೇಲೆ ಆ ತಿರುಪು ಮುಟ್ಟಬೇಡಿ."

"ಆಯ್ತಮ್ಮ, ಮುಟ್ಟಲ್ಲ" ಎಂದರು. ಅದೇ ಬೆಣ್ಣೆಯ ದನಿ. ಬೈಯುತ್ತಾರೇನೋ ಎಂದು ಇನ್ನೊಂದು ನಿಮಿಷ ನಿಂತೆ. ಬಾಗಿಲು ತೆಗೆದುಕೊಟ್ಟು, "ಮೆಟ್ಟಿಲು ನೋಡ್ಕೊಂಡು ಇಳೀರಿ" ಎಂದರು.

ಆ ಹದಿಮೂರು ದಿನ ನಾನು ಮಷೀನಿನ ಕೋಣೆಯಲ್ಲಿ ಬಾಯಿ ತೆರೆಯಲಿಲ್ಲ. ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಪೆಟ್ಟಿಗೆಯನ್ನು ಐದೂವರೆಗಿಟ್ಟು, ಹಾಡೂ ಇಲ್ಲ, ಏನೂ ಇಲ್ಲ, ಬರೀ ಸ ಹಿಡಿದು ಕೂರುವುದು. ಒಂದು ಸ್ವರ, ಅರ್ಧ ಗಂಟೆ. ಜಾರಿದರೆ ಆ ನಡುಕ ಕೇಳಿಸುತ್ತದೆ, ಮತ್ತೆ ಹತ್ತುವುದು. ನಮ್ಮವರು ನಾಲ್ಕನೆಯ ದಿನ ಬಾಗಿಲು ತಟ್ಟಿದರು. "ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅಂತಾರೆ. ಇದು ಯಾವ್ದೇ?"

"ಕಾಫಿ ಬೇಕಾದ್ರೆ ಅಲ್ಲೇ ಫ್ಲಾಸ್ಕಲ್ಲಿದೆ."

"ಕಾಫಿ ಕುಡ್ದಾಯ್ತು. ಸುಮ್ನೆ ಕೇಳ್ದೆ. ನಿನ್ನೆಗಿಂತ ಇವತ್ತು ವಾಸಿ." ಹೀಗೆಂದು ಹೊರಟುಹೋದರು. ನಾನು ಗೋಡೆಗೊರಗಿ ಒಬ್ಬಳೇ ನಕ್ಕೆ.

ಕಾರ್ಯಕ್ರಮದ ದಿನ ಮಧ್ಯಾಹ್ನ ಮೂರಕ್ಕೆ ನನ್ನ ಸರದಿ. ನಮ್ಮವರು ಮೊದಲನೆಯ ಸಾಲಿನಲ್ಲಿ, ಇಸ್ತ್ರಿಯಣ್ಣ ಪಕ್ಕದಲ್ಲಿ. ಇಬ್ಬರದ್ದೂ ಗರಿಗರಿ ಅಂಗಿ. ನಿರೂಪಣೆ ಮಾಡುತ್ತಿದ್ದವಳು ಮೈಕು ಹಿಡಿದು, "ಐವತ್ತನಾಲ್ಕನೆಯ ವಯಸ್ಸಿನಲ್ಲೂ ಇಂಥ ಉತ್ಸಾಹ..." ಎಂದು ಶುರುಮಾಡಿದಳು. ಸಭೆಯಿಂದ "ಪಾಪ" ಎಂಬಂಥ ಒಂದು ಉಸಿರು ಬಂತು. ಹಾಡುವ ಮುಂಚೆಯೇ ಚಪ್ಪಾಳೆ! ನಾನು ಅಲ್ಲಿ ಹಾಡದೆ ಕೆಮ್ಮಿ ಎದ್ದು ಬಂದಿದ್ದರೂ ಮೆಚ್ಚುತ್ತಿದ್ದರೋ ಏನೋ.

ಕೂತೆ. ಹಿಂದೆ ಟೀಚರಮ್ಮ, ಪೆಟ್ಟಿಗೆ. ಎಡಕ್ಕೆ ಪಿಟೀಲಿನವರು, ಬಲಕ್ಕೆ ಮೃದಂಗದವರು. ಸ ಹಿಡಿದೆ. ನಡುಕವಿಲ್ಲ. ವರ್ಣದ ಮೊದಲ ಭಾಗ ಮುಗಿಯಿತು, ಎರಡನೆಯದು ಮುಗಿಯಿತು. ಪಿಟೀಲಿನವರು ತಂತಿ ಬಿಗಿಯುವ ಬಿರಡೆ ಮುಟ್ಟಲಿಲ್ಲ, ಒಂದು ಸಲ ನನ್ನ ಕಡೆ ನೋಡಿ ಹುಬ್ಬೇರಿಸಿದರು. ಆ ಹುಬ್ಬು ನನ್ನ ತಲೆ ಕೆಡಿಸಿತು. ಅಬ್ಬಾ, ಇವರೇ ಮೆಚ್ಚಿದರಲ್ಲ ಎಂದು ಒಂದು ಕ್ಷಣ ಮೈಮರೆತೆ. ಚರಣಕ್ಕೆ ಬರುವಷ್ಟರಲ್ಲಿ ಕಿವಿಯಲ್ಲಿ ಆ ಉಜ್ಜಾಟ ಕೇಳಿಸಿತು. ಜಾರುತ್ತಿದ್ದೆ. ಇನ್ನೂ ಪೂರ್ತಿ ಬಿದ್ದಿರಲಿಲ್ಲ. ಆಗ ಬೆನ್ನ ಹಿಂದೆ ಬಳೆಯ ಸದ್ದಾಯಿತು.

ತಿರುಗಿ ನೋಡಿದೆ. ಟೀಚರಮ್ಮನ ಎರಡು ಬೆರಳು ತಿರುಪಿನ ಮೇಲಿದ್ದವು. ಅವರ ಮುಖದಲ್ಲಿ ಎಷ್ಟು ಕನಿಕರ ಇತ್ತು ಎಂದರೆ, ಅದನ್ನು ಕಂಡು ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ಹಾಡು ನಿಲ್ಲಿಸಿಬಿಟ್ಟೆ.

"ಟೀಚರಮ್ಮ, ಅದನ್ನ ಮುಟ್ಟಬೇಡಿ!"

ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ಇನ್ನೂರು ಕುರ್ಚಿಗೂ ಕೇಳಿಸಿತು. ಮೃದಂಗದವರ ಕೈ ಗಾಳಿಯಲ್ಲೇ ನಿಂತಿತು. ಸಭೆಯಲ್ಲಿ ಯಾರೋ ನಕ್ಕರು, ಯಾರೋ ಶ್ ಎಂದರು. ನಾನು ಮುಂದಕ್ಕೆ ತಿರುಗಿ, "ನಾನು ಶ್ರುತಿ ಬಿಟ್ಟೆ. ಚರಣ ಮತ್ತೆ ಹಾಡ್ತೀನಿ" ಎಂದೆ. ಕಣ್ಣು ಮುಚ್ಚಿಕೊಂಡು ಸ ಹಿಡಿದೆ. ನಡುಕ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತಿತು. ಪಿಟೀಲಿನವರು ಸದ್ದಿಲ್ಲದೆ ಬಂದು ಅಲ್ಲೇ ಸೇರಿಕೊಂಡರು. ತಾಳ ಹಾಕಿ ಚರಣ ಎತ್ತಿದೆ. ಕೊನೆಯವರೆಗೂ ನೆಲ ಅಲುಗಲಿಲ್ಲ. ನಾನೇನು ಅದ್ಭುತವಾಗಿ ಹಾಡಲಿಲ್ಲ. ಆದರೆ ನಿಂತ ಜಾಗದಲ್ಲಿ ನಿಂತಿದ್ದೆ, ಅದು ನನಗೆ ಗೊತ್ತಿತ್ತು. ಹೊಟ್ಟೆ ತುಂಬಿದ ಹಾಗಾಯಿತು.

ಚಪ್ಪಾಳೆ ಜೋರಾಗಿಯೇ ಬಿತ್ತು. ಎದ್ದು ನಿಂತು ಹೊಡೆದರು. ವೇದಿಕೆಯ ಹಿಂದಿನ ಸಣ್ಣ ಕೋಣೆಗೆ ಬರುವಷ್ಟರಲ್ಲಿ ನಮ್ಮವರು ಅಲ್ಲಿಗೆ ಓಡಿ ಬಂದಿದ್ದರು, ಮುಖವೆಲ್ಲ ಹಲ್ಲು. "ಈ ವಯಸ್ಸಲ್ಲಿ ಎಷ್ಟು ಧೈರ್ಯ ಅಂತ ನನ್ನ ಪಕ್ಕದಲ್ಲಿ ಕೂತೋರು..." ಎನ್ನುತ್ತಿದ್ದಂತೆಯೇ ಬಾಗಿಲು ದಡಾರನೆ ತೆರೆಯಿತು.

ಟೀಚರಮ್ಮ. ಮುಖ ಕೆಂಡ.

"ಹಾಡು ಮಧ್ಯದಲ್ಲಿ ನಿಲ್ಸೋದು ನಿಮಗೆ ಯಾರ್ರೀ ಹೇಳ್ಕೊಟ್ಟಿದ್ದು?" ಆ ದನಿ ಕೆಳಗಿನ ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದವರಿಗೂ ಕೇಳಿಸಿರಬೇಕು. "ಮೇಲಿನ ಸೂರು ಕಳಚಿ ಬಿದ್ರೂ ತಾಳ ಬಿಡಬಾರ್ದು ಅಂತ ಈ ಬಾಯಲ್ಲಿ ಎಷ್ಟು ಸಲ ಹೇಳಿದ್ದೀನಿ? ಇಳಿದ್ರೆ ಹಾಡ್ತಾ ಹಾಡ್ತಾನೇ ಹತ್ಬೇಕು! ನಿಂತು ಊರಿಗೆಲ್ಲ ಡಂಗುರ ಸಾರೋದಲ್ಲ! ಚರಣದಲ್ಲಿ ಯಾಕೆ ಇಳಿದ್ರಿ ಗೊತ್ತಾ? ಪದದ ಮಧ್ಯದಲ್ಲಿ ಉಸಿರು ತಗೊಂಡ್ರಿ. ಯಾವಾಗ್ಲೂ ಅಲ್ಲೇ ತಗೋತೀರಿ! ಗಾಂಧಾರ ಹಿಡಿಯೋಕೆ ಮುಂಚೆ ಎಂಜಲು ನುಂಗ್ತೀರಿ, ಅರ್ಧ ಅಕ್ಷರ ಅದ್ರ ಜೊತೆಗೇ ಒಳಗೆ ಹೋಗುತ್ತೆ. ಮೊದಲನೇ ವರ್ಷ ಹೇಳ್ಕೊಟ್ಟ ಗೀತೆ, ಮೂರನೇ ಸಾಲು, ಇವತ್ತಿಗೂ ಧೈವತ ತಪ್ಪು. ಹೋದ ವರ್ಷ ಗುಂಪಲ್ಲಿ ಹಾಡುವಾಗ ಎರಡು ಸಲ ತಾಳದ ಬೆರಳು ಮರೆತ್ರಿ, ನಾನು ನೋಡ್ಲಿಲ್ಲ ಅನ್ಕೊಂಡ್ರಾ?"

ಎಂಜಲು ನುಂಗುವುದು ನನಗೇ ಗೊತ್ತಿರಲಿಲ್ಲ. ಗೀತೆಯ ಮೂರನೇ ಸಾಲನ್ನು ನಾನೇ ಮರೆತಿದ್ದೆ. ಈ ಹುಡುಗಿ ನಾಲ್ಕು ವರ್ಷ "ಪರವಾಗಿಲ್ಲ ಅಮ್ಮ" ಎನ್ನುತ್ತ ನನ್ನ ಒಂದೊಂದು ಸ್ವರವನ್ನೂ ಕೇಳಿಸಿಕೊಂಡಿದ್ದಳು, ಒಂದನ್ನೂ ಮರೆತಿರಲಿಲ್ಲ. ನನ್ನ ಕಣ್ಣಿಂದ ನೀರು ಇಳಿಯತೊಡಗಿತು. ಅಷ್ಟು ಸುಖವಾಗಿ ನಾನು ಯಾವತ್ತೂ ಅತ್ತಿರಲಿಲ್ಲ.

"ಅತ್ರೆ ಆಗಲ್ಲ! ಮಂಗಳವಾರ ಬನ್ನಿ, ಸರಳೆಯಿಂದ ಮತ್ತೆ ಶುರು. ಎಲ್ಲಾ ಬಿಚ್ಚಿ ಮೊದಲಿಂದ ಹೊಲೀಬೇಕು!" ಎಂದು ಟೀಚರಮ್ಮ ಉಸಿರು ತೆಗೆದುಕೊಳ್ಳಲು ನಿಂತರು.

ನಮ್ಮವರಿಗೆ ತಡೆಯಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ನನ್ನ ಪರವಾಗಿ ಯಾರ ಎದುರೂ ದನಿಯೆತ್ತದವರು, ಅಂಗಿಯ ತೋಳು ಮೇಲೇರಿಸಿ ಒಂದು ಹೆಜ್ಜೆ ಮುಂದೆ ಬಂದರು. "ಅಲ್ಲಮ್ಮಾ, ವಯಸ್ಸಾದೋಳು, ಏನೋ ಆಸೆಯಿಂದ ಹಾಡಿದ್ದಾಳೆ, ಅವಳ್ನ ಹಿಡ್ಕೊಂಡು ಹೀಗೆಲ್ಲಾ..."

ನಾನು ಅವರ ತೋಳು ಹಿಡಿದು ಹಿಂದಕ್ಕೆ ಎಳೆದೆ.

"ರೀ, ನೀವು ಸುಮ್ನೆ ಹೊರಗೆ ಕೂತಿರಿ. ಪಾಠ ನಡೀತಿದೆ."